ಬುಗುರಿಯ ಬಾಯಿಗೆ ಬೀಗ

ಊರವರೆಲ್ಲ ತಲೆ ತಗ್ಗಿಸುತ್ತಿದ್ದುದು ಅವನೊಬ್ಬನ ಮುಂದೆ. ಕತ್ತರಿ ಹಿಡಿದವನ ಮುಂದೆ ಬೇರೆ ದಾರಿಯೇನಿದೆ? ಅಂಥ ಕ್ಷೌರದಂಗಡಿಯವನಿಗೆ ದಿನವೂ ಮಣ್ಣು ಮುಕ್ಕಿಸುತ್ತಿದ್ದವಳು ಅವನ ಎರಡು ವರ್ಷದ ಮಗಳು. ನಿಂತಲ್ಲಿ ನಿಲ್ಲದವಳೆಂದು ಎಲ್ಲರೂ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಹಲ್ಲುಜ್ಜುವ ಬ್ರಷ್ಷು ಕಂಡರೆ ಮಾತ್ರ ಬುಗುರಿ ಗಕ್ಕನೆ ನಿಂತು, ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು.

ಹಾಳಾಗಲಿ ಎಂದು ಬಿಡುವಂತಿರಲಿಲ್ಲ. ಒಂದು ದಿನ ಅವಳು ಕೇಕೆ ಹಾಕಿ ನಗುವಾಗ, ಮೇಲಿನ ಹಲ್ಲುಗಳ ಬುಡದಲ್ಲಿ ಸುಣ್ಣದ ಗೆರೆಯಂಥ ಬಿಳಿ ಮಚ್ಚೆ, ಒಂದು ಹಲ್ಲಿನ ಮೇಲೆ ಸಾಸಿವೆಯಷ್ಟು ಕಂದು ಚುಕ್ಕೆ ಅವನ ಕಣ್ಣಿಗೆ ಬಿದ್ದಿದ್ದವು. ಗಲ್ಲದ ಮೇಲೆ ತಪ್ಪಿಸಿಕೊಂಡ ಒಂದೇ ಒಂದು ಕೂದಲನ್ನೂ ಹಿಡಿಯುವ ಕಣ್ಣದು.

ಮರುದಿನ ಸಂಜೆ, ಹೆಂಡತಿ ಕೆಲಸದಿಂದ ಬರುವ ಮುನ್ನ, ಅಂಗಡಿಯ ಹಿಂದಿನ ಮನೆಯಲ್ಲಿ ಮಗಳನ್ನು ಗೋಡೆಗೆ ಒರಗಿಸಿ, ಎದುರು ಮಂಡಿಯೂರಿ ಕುಳಿತ. ಬ್ರಷ್ಷಿನ ತುಂಬ ಪೇಸ್ಟು ಪೇರಿಸಿದ. ನೊರೆ ಏಳದೆ ಯಾವುದೂ ಶುಚಿಯಾಗದು ಎಂಬುದು ಅಷ್ಟು ವರ್ಷ ಗಡ್ಡ ಹೆರೆದವನ ನಂಬಿಕೆ. ನೊರೆಯೇನೋ ಎದ್ದಿತು. ಮಗು ಓಕರಿಸಿತು, ಕೆಮ್ಮಿತು, ಆಮೇಲೆ ಸೂರು ಹಾರಿಹೋಗುವಂತೆ ಕಿರುಚಿತು.

"ಅಯ್ಯೋ, ಬಿಡೋ!" ಎಂದು ಅವನ ತಾಯಿ ಓಡಿಬಂದಳು. "ಹಾಲುಹಲ್ಲು ಕಣೋ ಅವು, ಹೇಗೂ ಉದುರೋವು. ಬಾಡಿಗೆ ಮನೆಗೆ ಯಾರಾದ್ರೂ ಕೈಯಿಂದ ದುಡ್ಡು ಹಾಕಿ ಸುಣ್ಣ ಹೊಡೆಸ್ತಾರಾ? ನಮ್ಮ ಕಾಲದಲ್ಲಿ ಕೂಸುಗಳ ಹಲ್ಲು ಯಾರು ಉಜ್ಜಿದ್ರು?"

"ಅದಕ್ಕೇ ಅಲ್ವಾ ಅಜ್ಜಿ, ನೀವು ಬಿಸ್ಕತ್ತು ತಿನ್ನೋಕೂ ಚಹಾದ ಅಪ್ಪಣೆ ಬೇಕು!" ಎಂಬ ದನಿ ಬಾಗಿಲಲ್ಲಿ ಕೇಳಿತು. ಮಹಡಿಯ ಮೇಲಿನ ನರ್ಸಕ್ಕ. ಹಲ್ಲಿನ ಆಸ್ಪತ್ರೆಯಲ್ಲಿ ಅವಳ ಕೆಲಸ. "ಯಾರ ಕಿವಿ ಕತ್ತರಿಸಿದ್ರಪ್ಪ ಅಂತ ಗಾಬರಿಯಾಗಿ ಇಳಿದುಬಂದೆ."

"ಬಾಯಿ ನೋಡೋ ಕೆಲಸದವಳಿಗೆ ಬಾಯಿ ಸ್ವಲ್ಪ ಜಾಸ್ತೀನೇ," ಎಂದು ಅಜ್ಜಿ ಮೂತಿ ತಿರುವಿದಳು.

ನರ್ಸಕ್ಕ ಮಗುವನ್ನೆತ್ತಿ ಬೆನ್ನು ತಟ್ಟಿದಳು. ಅಳಲು ತೆರೆದ ಬಾಯೊಳಗೆ ಇಣುಕಿದಾಗ ಅವಳ ನಗು ಮಾಯವಾಯಿತು. "ಬಿಳಿ ಮಚ್ಚೆ ಹುಳುಕಿನ ಮೊದಲ ಹೆಜ್ಜೆ. ಇಲ್ಲಿಗೇ ನಿಲ್ಲಿಸಬಹುದು. ಕಂದು ಚುಕ್ಕೆ ಮಾತ್ರ ಡಾಕ್ಟ್ರು ನೋಡ್ಲೇಬೇಕು. ಆದ್ರೆ ಇವಳು ಬಾಯೇ ಬಿಡದಿದ್ರೆ ಅವರಾದ್ರೂ ಏನು ನೋಡ್ತಾರೆ? ಹುಳುಕು ಆಳಕ್ಕಿಳಿದ್ರೆ ನೋವು, ಬಾವು. ಮಗು ಊಟ ಬಿಡುತ್ತೆ, ನಿದ್ದೆ ಬಿಡುತ್ತೆ. ಬಾಡಿಗೆಯವೇ ಸರಿ ಅಜ್ಜಿ, ಆದ್ರೆ ಮುಂದೆ ಬರೋ ಹಲ್ಲಿಗೆ ಟವೆಲು ಹಾಕಿ ಸೀಟು ಹಿಡಿದಿರೋದು ಇವೇ. ಮಲಗೋವಾಗ ಬಾಟಲಿ ಕೊಡ್ತೀರಾ?"

"ಮತ್ತೆ? ಸಕ್ಕರೆ ಹಾಕಿದ ಹಾಲು. ಬಾಯಲ್ಲಿಟ್ಕೊಂಡೇ ನಿದ್ದೆ ಹೋಗ್ತಾಳೆ," ಎಂದಳು ಅಜ್ಜಿ. ಹೇಳುತ್ತ ಹೇಳುತ್ತ ದನಿಯ ಹೆಮ್ಮೆ ಸೋರಿಹೋಯಿತು. "ಅಂದ್ರೆ... ನಾನೇನಾ ಮಾಡಿದ್ದು?"

"ಪ್ರೀತಿಯಿಂದ ಮಾಡಿದ್ದು ಬಿಡಿ. ಇನ್ನು ಮುಂದೆ ಸಕ್ಕರೆಯಿಲ್ಲದ ಹಾಲು ಲೋಟದಲ್ಲಿ ಕುಡಿಸಿ, ಆಮೇಲೆ ಹಲ್ಲುಜ್ಜಿ. ಅದಾದ ಮೇಲೆ ಕೇಳಿದ್ರೆ ನೀರು ಮಾತ್ರ." ನರ್ಸಕ್ಕ ಅಂಗಡಿಯವನತ್ತ ತಿರುಗಿದಳು. "ನಿನ್ನಂಗಡೀಗೆ ಅಳೋ ಮಗು ಬಂದ್ರೆ ಹೀಗೇ ಗೋಡೆಗೊತ್ತಿ ಕತ್ತರಿ ಆಡಿಸ್ತೀಯಾ?"

"ಛೆ! ಕುರ್ಚಿಗೆ ಅಡ್ಡ ಹಲಗೆ ಹಾಕಿ ಕೂರಿಸ್ತೀನಿ. ನಾನು ಹಿಂದೆ ನಿಂತು ತಲೆ ಎದೆಗೊರಗಿಸ್ಕೋತೀನಿ. ಕೈಗೊಂದು ಬಾಚಣಿಗೆ ಕೊಟ್ಟು, ಕನ್ನಡಿ ತೋರಿಸ್ತಾ..." ಅವನು ಮಗಳತ್ತ ನೋಡಿ, ಅವಳ ಗಲ್ಲದ ನೊರೆ ಒರೆಸಿದ.

"ಗಿರಾಕಿಗೆ ರಾಜೋಪಚಾರ, ಮಗಳಿಗೆ ಪೊಲೀಸ್ ತಪಾಸಣೆ! ನಡಿ ಅಂಗಡಿಗೆ. ಮತ್ತೆ ಆ ನೊರೆ ಇಳಿಸು, ಇವಳಿಗೇನು ಗಡ್ಡ ಬಂದಿದೆಯಾ? ಹುಳುಕು ತಡೆಯೋ ಫ್ಲೋರೈಡ್ ಇರೋ ಪೇಸ್ಟು ಅಕ್ಕಿಕಾಳಿನಷ್ಟು ಸಾಕು. ಬ್ರಷ್ಷು ಪುಟ್ಟದಿರ್ಲಿ, ಮೆತ್ತಗಿರ್ಲಿ."

ಹಲಗೆಯ ಮೇಲೆ ಕುಳಿತ ಬುಗುರಿ ಕನ್ನಡಿಯಲ್ಲಿ ತನ್ನನ್ನೇ ನೋಡಿ ಅಳು ಮರೆತಳು. ಅಪ್ಪ ಹಿಂದಿನಿಂದ ಬಗ್ಗಿ, ಸಿಂಹದ ಆಕಳಿಕೆ ಹಾಕಿದ: "ಆಆ..." ಕುದುರೆಯಂತೆ ಹಲ್ಲು ಕಿರಿದ: "ಈಈ..." ಬುಗುರಿ ಬ್ರಷ್ಷು ಕಸಿದುಕೊಂಡು ಮೊದಲು ಅಪ್ಪನ ಹಲ್ಲಿಗೇ ಕೈ ಹಾಕಿದಳು. ಅವನು ತಲೆ ಹಿಂದಕ್ಕೆಳೆದಾಗ, ಅವನು ಗಿರಾಕಿಗಳಿಗೆ ಹೇಳುವ ಗತ್ತಿನಲ್ಲೇ ಗದರಿದಳು: "ಅಲ್ಲಾಡ್ಬೇಡಿ ಸಾಲ್!"

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಬಳಿಕ ಇನ್ನೊಂದು ಪುಟ್ಟ ಬ್ರಷ್ಷು ಹಿಡಿದು ಅಪ್ಪನ ಸರದಿ. ಮೇಲಿನ ನಾಲ್ಕು ಹಲ್ಲು ಆಗುವಷ್ಟರಲ್ಲಿ ಬುಗುರಿ ಬ್ರಷ್ಷನ್ನೇ ಕಚ್ಚಿ ಹಿಡಿದಳು.

"ಇವತ್ತಿಗೆ ಇಷ್ಟು ಸಾಕು," ಎಂದಳು ನರ್ಸಕ್ಕ. "ನಗ್ತಾ ಮುಗೀತಲ್ಲ, ನಾಳೆ ದವಡೆಗೂ ದಾರಿ ಸಿಗುತ್ತೆ."

ಸಿಕ್ಕಿತು. ಬೆಳಗ್ಗೆ ಅಮ್ಮ, ರಾತ್ರಿ ಅಪ್ಪ. ಬಾಟಲಿ ಬಿಡಿಸುವಾಗ ಮಗುವಿಗಿಂತ ಹೆಚ್ಚು ಅತ್ತವಳು ಅಜ್ಜಿ. ಆದರೂ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದವಳೂ ಅವಳೇ.

ಮುಂದಿನ ವಾರ ಹಲ್ಲಿನ ಡಾಕ್ಟರ ಕುರ್ಚಿ ಹಿಂದಕ್ಕೆ ವಾಲಿದಾಗ ಅಂಗಡಿಯವನು ಮಗಳ ತಲೆಯ ಹಿಂದೆ ಹೋಗಿ ನಿಂತ. ಬುಗುರಿ ಕುರ್ಚಿಯನ್ನೊಮ್ಮೆ ನೋಡಿದಳು, ಡಾಕ್ಟರನ್ನೊಮ್ಮೆ ನೋಡಿದಳು, "ಆಆ..." ಎಂದು ಬಾಯಿ ತೆರೆದಳು. ಕಂದು ಚುಕ್ಕೆಯ ಕೆಳಗಿದ್ದ ಪುಟ್ಟ ತೂತನ್ನು ಡಾಕ್ಟರು ಅಲ್ಲೇ ತುಂಬಿದರು. "ಸಕಾಲಕ್ಕೆ ಬಂದ್ರಿ. ಹಲ್ಲು ಉಳೀತು."

"ಇವಳೇ ಉಜ್ಜಿಕೊಳ್ಳೋದು ಯಾವಾಗ ಸ್ವಾಮಿ?" ಎಂದು ಅಜ್ಜಿ ಕೇಳಿದಳು.

"ಏಳೆಂಟು ವರ್ಷ ತುಂಬೋವರೆಗೂ ದೊಡ್ಡವರ ಕೈ ಬೇಕು, ಅಮ್ಮ."

"ಹಾಗಾದ್ರೆ ನಂದೂ ಒಂದು ಪಾಳಿ ಇರ್ಲಿ," ಎಂದು ಅಜ್ಜಿ ಸೆರಗು ಬಿಗಿದಳು.

ಮನೆಯಲ್ಲಿ ಪುಟ್ಟ ಬಾಯಿ ಇರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ! ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ನಮಗಿರಲಿ. ಮಕ್ಕಳು ಬಾಯಿ ಬಿಟ್ಟಷ್ಟೂ ಒಳ್ಳೆಯದು. ಮೊದಲ ಹಲ್ಲು ಮೂಡಿದಾಗಲೇ ಬ್ರಷ್ಷು ಹಿಡಿಯಿರಿ, ದಿನಕ್ಕೆರಡು ಸಲ ಉಜ್ಜಿ. ಆಗಾಗ ತುಟಿಯೆತ್ತಿ ನೋಡಿ. ಬಿಳಿ ಮಚ್ಚೆ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನಾಳೆಯಿಂದ ಎನ್ನಬೇಡಿ. ಇವತ್ತು ಮಲಗಿಸುವ ಮುಂಚೆಯೇ ಮಗುವನ್ನು ಎದೆಗೊರಗಿಸಿಕೊಂಡು, ಮೊದಲು ನೀವು "ಆ" ಎನ್ನಿ.