ಹೊಟ್ಟೆ ತೆರೆದ ಜಿ

ಹೆಣ್ಣು ನೋಡಲು ಬಂದ ಅಸ್ಗರ್ ಅಚ್ಚುಮನೆಯ ಹೊಸ್ತಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದ. ಗುಲ್ಷನ್‌ಗೆ ಅಲ್ಲೇ ಅವನ ಮೇಲೆ ತಾತ್ಸಾರ ಹುಟ್ಟಿತು. ಗೌರಿಬಿದನೂರಿನಲ್ಲಿ ತನ್ನದೂ ಪ್ರೆಸ್ ಇದೆ ಎಂದು ಹೇಳಿ ಕಳಿಸಿದ್ದ. ಪ್ರೆಸ್ ಇರುವವನಿಗೆ ಮಸಿಯ ವಾಸನೆ ಹೊಸದೇ?

ಆಗ ಎಂಬತ್ತಾರನೇ ಇಸವಿ. ಚಿಂತಾಮಣಿಯಲ್ಲಿ ಅವಳ ತಂದೆ ಉಸ್ಮಾನ್ ಸಾಬರ ಪ್ರೆಸ್ ಮನೆಯ ಮುಂಭಾಗದಲ್ಲೇ ಇತ್ತು. ಹೈಸ್ಕೂಲು ಬಿಟ್ಟಾಗಿನಿಂದ ಗುಲ್ಷನ್ ಅಲ್ಲಿ ಇಂಗ್ಲಿಷ್ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದಳು. ಅಕ್ಷರದ ತುದಿಯ ಪುಟ್ಟ ಪಾದ ಚೂಪೋ ಮೊಂಡೋ, ಬಾಲ ಎತ್ತ ಬಳುಕಿದೆ ಎಂದು ನೋಡಿಯೇ ಆ ಅಕ್ಷರಶೈಲಿಯ, ಅಂದರೆ ಟೈಪಿನ, ಹೆಸರು ಹೇಳಿಬಿಡುತ್ತಿದ್ದಳು. ಹೇಳಲು ಬಾರದವರನ್ನು ಕಂಡರೆ ಅವಳ ತುಟಿ ಕೊಂಕುತ್ತಿತ್ತು.

ಅಸ್ಗರ್ ತನ್ನ ತಂಗಿ ಅಖ್ತರಿಯ ಇಂಗ್ಲಿಷ್ ಮದುವೆ ಕಾರ್ಡನ್ನು ಮೇಜಿನ ಮೇಲೆ ಎಸೆದ. "ನಾನೇ ಕೈಯಾರೆ ಮೊಳೆ ಜೋಡಿಸಿ ಮಾಡಿದ್ದು. ನಿಮ್ಮಲ್ಲಿ ಇಂಥ ಕೆಲಸ ಎಲ್ಲಾಗತ್ತೆ?"

ಗುಲ್ಷನ್ ಕಾರ್ಡು ಕೈಗೆತ್ತಿಕೊಂಡಳು. "ಯಾವ ಟೈಪು ಇದು?"

"ಟೈಮ್ಸ್. ಇನ್ನೇನು?"

"ಟೈಮ್ಸ್‌ನಲ್ಲಿ ಚಿಕ್ಕ ಜಿ ಅಕ್ಷರದ ಕೆಳಹೊಟ್ಟೆ ಮುಚ್ಚಿರತ್ತೆ. 'ವೆಡಿಂಗ್' ಅನ್ನೋ ಮಾತಲ್ಲಿ ನೋಡಿ, ತೆರೆದೇ ಇದೆ. ಇದು ಬಾಸ್ಕರ್‌ವಿಲ್ ಅನ್ನೋ ಟೈಪು."

ಜೊತೆಗೆ ಬಂದಿದ್ದ ಅಸ್ಗರನ ಚಿಕ್ಕಪ್ಪ ಷರೀಫ್ ಗಹಗಹಿಸಿ ನಕ್ಕ. "ಜಿ ಹೊಟ್ಟೆ ನೋಡ್ತಾಳಂತೆ ಕಣೋ! ಸೊಸೆ ತರ್ತಿದ್ದೀವಾ, ಡಾಕ್ಟರನ್ನಾ?"

"ಒಂದೊಂದೇ ಮೊಳೆ ಬೆರಳಲ್ಲಿ ಹಿಡಿದೋರಿಗೆ ಇದು ಗೊತ್ತಾಗದೆ ಇರಲ್ಲ," ಎಂದಳು ಗುಲ್ಷನ್. "ಇವರು ಮೊಳೆ ಮುಟ್ಟಿಲ್ಲ. ತಂಗಿ ಮದುವೆ ಕಾರ್ಡನ್ನ ಸರಿಯಾಗಿ ನೋಡೂ ಇಲ್ಲ. ಈ ಸಂಬಂಧ ನಂಗೆ ಬೇಡಪ್ಪ."

ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ತಾಯಿ ಕರೀಮುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕ್ಷರದ ಹೊಟ್ಟೆ ನೋಡಿ ಗಂಡನ್ನ ಓಡಿಸಿದ್ಯಲ್ಲೇ!"

ಉಸ್ಮಾನ್ ಸಾಬರು ಮಗಳ ಪರವಾಗಿ ಕ್ಷಮೆ ಕೇಳಲೆಂದೇ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋದರು. ಸಂಜೆ ವಾಪಸು ಬಂದವರು ಕ್ಷಮೆ ಕೇಳಿರಲಿಲ್ಲ.

"ಪ್ರೆಸ್ ಇಲ್ಲ ಕಣಮ್ಮ. ಬೋರ್ಡಿದೆ, ಒಂದು ಮೇಜಿದೆ. ಕೆಲಸವೆಲ್ಲ ಬೆಂಗಳೂರಿಗೆ ಕಳಿಸಿ ಮಾಡಿಸ್ತಾನೆ."

"ಕಳಿಸಿದ್ರೆ ತಪ್ಪೇನು? ಹಾಗಂತ ಹೇಳಬೇಕಿತ್ತು," ಎಂದಳು ಗುಲ್ಷನ್. ಗೆದ್ದ ಸಂತೋಷವೇನೂ ಅವಳ ಮುಖದಲ್ಲಿರಲಿಲ್ಲ. ಅಂಥವನ ಎದುರು ಗೆಲ್ಲುವುದೂ ಅವಳಿಗೆ ಹೇಸಿಗೆಯೇ.

ಅಹಂಕಾರದ ಹುಡುಗಿ ಎಂದು ಷರೀಫ್ ಊರೂರಲ್ಲಿ ಆಡಿಕೊಂಡ. ಎರಡು ವರ್ಷ ಯಾರೂ ಇತ್ತ ತಲೆ ಹಾಕಲಿಲ್ಲ. ಆಮೇಲೆ ಬಂದವನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವವನು. ಗುಲ್ಷನ್ ಅವನ ಮುಂದೆ ಬೇರೆ ಬೇರೆ ಟೈಪಿನಲ್ಲಿ ಅಚ್ಚಾದ ಎರಡು ಹಾಳೆ ಇಟ್ಟು ವ್ಯತ್ಯಾಸ ಹೇಳಿ ಎಂದಳು.

ಅವನು ತುಂಬ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದ. "ನಂಗೆ ಎರಡೂ ಒಂದೇ ಥರ ಕಾಣ್ತವೆ ಕಣ್ರೀ. ಏನು ವ್ಯತ್ಯಾಸ, ತೋರಿಸ್ರಿ."

ಗುಲ್ಷನ್ ಮೂಗು ಮುರಿದಳು. ಆದರೂ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.