ನಡುವಿನ ಜಾಗ

"ನಿಮ್ಮನ್ನ ಅವರಿಬ್ಬರ ನಡುವಾನ ಇಡ್ತೀನ್ರಿ ಅತ್ತಿ" ಎಂದು ನಾನು ಮಾತು ಕೊಟ್ಟದ್ದು ನನ್ನ ಗಂಡನಿಗೆ ಮಣ್ಣು ಕೊಟ್ಟ ದಿನ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲವಿದ್ದವರು ಹೊಲದಲ್ಲೇ ಕೂಡಿಸಿ ಮಣ್ಣು ಕೊಡುತ್ತಾರೆ. ಸೋಲಾಪುರದ ಅಂಚಿಗೆ, ಅಕ್ಕಲಕೋಟೆ ರಸ್ತೆಗೆ ಹತ್ತಿಕೊಂಡೇ ನಮ್ಮ ಆರೆಕರೆ ಹೊಲ. ಅದರ ಮೂಡಣ ಬದುವಿಗೆ ಮಾವನವರ ಸಮಾಧಿಯ ಗದ್ದುಗೆ ಮೊದಲೇ ಇತ್ತು. ಇವರಿಗೆ ಕುಣಿ ತೋಡುವಾಗ ಅತ್ತೆ ಕಸ್ತೂರಬಾಯಿ ಕೋಲು ಹಿಡಿದು ಬಂದಳು. "ಅಷ್ಟ ಹಂತೇಲಿ ಬ್ಯಾಡೋ ಧೂಳಪ್ಪ, ಸರಿಸಿ ತೋಡು. ಈ ಕಡಿ ಗಂಡ, ಆ ಕಡಿ ಮಗ. ನಡುವ ನಾ ಕೂಡ್ತೀನಿ" ಎಂದು ನೆಲದ ಮೇಲೆ ಗೆರೆ ಎಳೆದಳು. ನಾಲ್ಕು ವರ್ಷದ ಮಗ ಸಾತಲಿಂಗ ನನ್ನ ಕಂಕುಳಲ್ಲಿ ನಿದ್ದೆ ಹೋಗಿದ್ದ.

ಆಮೇಲೆ ಎಮ್ಮೆ ಕಟ್ಟಿದೆ. ಸೋಲಾಪುರದ ಹೋಟೆಲುಗಳಿಗೆ ಹಾಲು ಹಾಕಿ ಮಗನನ್ನು ಓದಿಸಿದೆ. ಅವನು ಪುಣೆಗೆ ಹೋಗಿ ಸಿವಿಲ್ ಇಂಜಿನಿಯರಿಂಗ್ ಸೇರಿದ. ಪತ್ರವನ್ನು ಮರಾಠಿಯಲ್ಲಿ ಬರೆಯುತ್ತಿದ್ದ; ನಾನು ಓದಿ ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಊರನ್ನು ಹೇಗೆ ಕಟ್ಟಬೇಕು, ಬಯಲು ನೆಲದಲ್ಲಿ ರಸ್ತೆ ಎಲ್ಲಿ, ಗಟಾರ ಎಲ್ಲಿ, ಮನೆ ಎಲ್ಲಿ ಬರಬೇಕು ಎನ್ನುವುದನ್ನೂ ಒಂದು ವಿಷಯವಾಗಿ ಕಲಿಸುತ್ತಾರಂತೆ. ಅವನಿಗೆ ಸೇತುವೆಯೂ ಬೇಕಿರಲಿಲ್ಲ, ಅಣೆಕಟ್ಟೂ ಬೇಕಿರಲಿಲ್ಲ. ಅದೊಂದೇ ವಿಷಯದ ಹುಚ್ಚು ಹಿಡಿಯಿತು.

ಕಾಲೇಜಿನ ಸೂಟಿಗೆ ಊರಿಗೆ ಬಂದಾಗ ಕಬ್ಬಿಣದ ಸರಪಳಿ, ಕೆಂಪು-ಬಿಳಿ ಬಣ್ಣದ ಕೋಲು ತಂದು ನಮ್ಮ ಹೊಲವನ್ನೇ ಅಳೆದ. ಉಳಿದ ಹುಡುಗರು ಪರೀಕ್ಷೆಗಾಗಿ ಕಾಗದದ ಮೇಲೆ ಇಲ್ಲದ ನೆಲಕ್ಕೆ ನಕಾಶೆ ಹಾಕಿದರೆ, ಇವನು ಇದ್ದ ನೆಲಕ್ಕೇ ಹಾಕುತ್ತೇನೆಂದು ಮಾಸ್ತರರಿಗೆ ಹೇಳಿದ್ದನಂತೆ. ಕೋಲು ಹಿಡಿದು ನಿಲ್ಲುವ ಕೆಲಸ ಅತ್ತೆಯದು.

"ದಿನಾ ಅಳದ್ರ ಹೊಲ ಬೆಳೀತದೇನೋ?" ಎಂದು ಮೊಮ್ಮಗನನ್ನು ಕೇಳಿದಳು.

"ಬೆಳೀತದ ಆಯಿ. ಜ್ವಾಳ ಎಕರೆ ಲೆಕ್ಕದಾಗ ಬೆಳೀತದ. ಪ್ಲಾಟ್ ಫೂಟಿನ ಲೆಕ್ಕದಾಗ ಬೆಳೀತಾವ."

ಪಡಸಾಲೆಯಲ್ಲಿ ಹಲಗೆ ಹಾಸಿ, ಮಂಡಿ ಊರಿ, ಎರಡು ವಾರ ನಕಾಶೆ ತಿದ್ದಿದ. ಎಮ್ಮೆ ಕಟ್ಟುವ ಜಾಗದಲ್ಲಿ ರಸ್ತೆ ಬಂತು, ಬಾವಿಯ ಮಗ್ಗುಲಲ್ಲಿ ಅಂಗಡಿ ಸಾಲು ಬಂತು. ಆಗಿನಿಂದ ಅವನು ಹೊಲಕ್ಕೆ ಹೊಲ ಎನ್ನುವುದನ್ನು ಬಿಟ್ಟ, 'ಸಾಯಿಟ್' ಎನ್ನತೊಡಗಿದ. ಪಾಸಾಗಿ ಬಂದವನು ನೌಕರಿಗೆ ಅರ್ಜಿಯನ್ನೇ ಹಾಕಲಿಲ್ಲ.

"ಮಂದಿ ಈ ಡಿಗ್ರಿ ತಗೊಂಡು ಸರಕಾರದ ರಸ್ತೆದಾಗ ಡಾಂಬರ ಕಾಯ್ತಾರ. ನಾ ನಮ್ಮ ಸಾಯಿಟಿನಾಗ ಕಾಲೊನಿ ಹಾಕ್ತೀನವ್ವಾ. ಕಲ್ತದ್ದು ಮತ್ತ ಯಾಕ?"

"ಗದ್ದಗಿ?" ಎಂದೆ ನಾನು.

ಅವನು ನಕಾಶೆಯಲ್ಲಿ ಹಸಿರು ಬಳಿದ ಚೌಕದ ಮೇಲೆ ಬೆರಳಿಟ್ಟ. "ಇದು ಓಪನ್ ಸ್ಪೇಸ್. ಹತ್ತರಾಗ ಒಂದು ಪಾಲು ಖುಲ್ಲಾ ಬಿಡಬೇಕಂತ ಕಾನೂನ ಅದ. ಇಲ್ಲಿ ಒಂದು ಇಟ್ಟಂಗಿ ಸುದ್ಧಾ ಇಡಂಗಿಲ್ಲ. ಬೇಕಂತ ಗದ್ದಗಿ ಇದ್ದಲ್ಲೇ ಬಿಟ್ಟೀನಿ."

ಅತ್ತೆ ಬಗ್ಗಿ ಹಸಿರನ್ನು ಮುಟ್ಟಿ ನೋಡಿದಳು. "ಅಂದ್ರ ಎಲ್ಲಾರಕಿಂತ ಮೊದಲ ನನ್ನ ಪ್ಲಾಟ್ ಬುಕ್ ಆತು. ರೊಕ್ಕ ಎಷ್ಟೋ ಮಾಲಕಾ?"

"ನಿನಗ ಫುಕಟ್, ಆಯಿ."

"ಫುಕಟ್ ಕೊಟ್ಟದ್ದಕ್ಕ ಪಾವತಿ ಚೀಟಿ ಇರೂದಿಲ್ಲಪಾ."

ನಾವು ಮೂವರೂ ನಕ್ಕೆವು. ಹೊಲದವರಿಗೆ ಬಿಟ್ಟ ಜಾಗ ಎಂದರೆ ಬೀಳು. ಬೀಳು ಬಿಟ್ಟ ಮಾತ್ರಕ್ಕೆ ಒಡೆಯ ಬದಲಾಗುತ್ತಾನೆಂದು ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕೇಳಿರಲಿಲ್ಲ. ಹೊಲವನ್ನು ಮನೆ ಕಟ್ಟುವ ಜಾಗ ಮಾಡಲು ಸರಕಾರದ ಅಪ್ಪಣೆ ಬೇಕು, ಅದಕ್ಕೆ 'ಎನ್.ಎ.' ಎನ್ನುತ್ತಾರೆ. ಆ ಅರ್ಜಿಗೆ ನಾನು ಸಹಿ ಹಾಕಿದೆ, ಅತ್ತೆ ಹೆಬ್ಬೆರಳೊತ್ತಿದಳು. ಎಪ್ಪತ್ತನಾಲ್ಕರಲ್ಲಿ ಅಪ್ಪಣೆ ಬಂತು. ಜೋಳದ ಕೂಳೆಯ ನಡುವೆ ಸುಣ್ಣದ ಗೆರೆ ಬಿದ್ದವು, ಮೂಲೆಮೂಲೆಗೆ ಕಲ್ಲು ನೆಟ್ಟರು. ಕಾಲೊನಿಗೆ ಅತ್ತೆಯ ಹೆಸರನ್ನೇ ಇಟ್ಟ. ಬೋರ್ಡು ಮರಾಠಿಯಲ್ಲಿತ್ತು, ಅವಳು ಅದರ ಕೆಳಗೆ ನಿಂತು ಮೊಮ್ಮಗನ ಕೈಯಿಂದ ಎರಡು ಸಲ ಓದಿಸಿಕೊಂಡಳು.

ಮೊದಲು ಮನೆ ಕಟ್ಟಿದವನು ಬ್ಯಾಂಕಿನ ಕಾರಕೂನ ಭೀಮಶಾ. ಒಳ್ಳೆಯ ಮನುಷ್ಯ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದ. ಅವನ ಮಕ್ಕಳು ಮಾವನವರ ಗದ್ದುಗೆಯನ್ನೇ ಸ್ಟಂಪ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದವು. ಅತ್ತೆ ಸಂಜೆ ಹೊತ್ತು ಅಲ್ಲೇ ಕುಳಿತು, "ಜೋರ ಹೊಡೀಬ್ಯಾಡ್ರೋ, ಮುತ್ಯಾ ಎದ್ದ ಬಂದ್ರ ನಿಮ್ಮನ್ನೆಲ್ಲಾ ಔಟ್ ಮಾಡ್ತಾನ" ಎಂದು ಹೆದರಿಸುತ್ತಿದ್ದಳು.

ನಾಲ್ಕು ವರ್ಷದ ಮೇಲೆ, ಚಳಿಗಾಲದ ಒಂದು ಮುಂಜಾನೆ, ಅವಳು ಚಹಾ ಕುಡಿದು ಬಟ್ಟಲು ಇಟ್ಟು ಒರಗಿದಳು. ಮತ್ತೆ ಏಳಲಿಲ್ಲ.

ನಾನು ಧೂಳಪ್ಪನಿಗೆ ಹೇಳಿಕಳಿಸಿದೆ. ಇವರ ಕುಣಿ ತೋಡಿದವನು ಅವನೇ, ಜಾಗ ತೋರಿಸಬೇಕಾಗಿರಲಿಲ್ಲ. ಮೊಣಕಾಲುದ್ದ ಇಳಿದಿದ್ದ, ಅಷ್ಟರಲ್ಲಿ ಭೀಮಶಾ ನಾಲ್ಕು ಜನರನ್ನು ಕರೆದುಕೊಂಡು ಬಂದ. ಕೈ ಮುಗಿದೇ ಮಾತಾಡಿದ.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಆಯಿ ನಮಗೂ ಆಯಿನ. ಆದ್ರ ಇದು ಹುಡುಗರು ಆಡೂ ಜಾಗ. ಪ್ಲಾಟ್ ತಗೊಳ್ಳಾಗ ಇಲ್ಲಿ ಗಾರ್ಡನ್ ಆಗ್ತದ ಅಂತ ನಮಗ ತೋರಿಸ್ಯಾರ."

"ಯಾರು ತೋರಿಸ್ಯಾರ?"

ಅವನು ಸಾತಲಿಂಗನ ಕಡೆ ನೋಡಿದ. ಮಗ ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ನಿಂತಿದ್ದ. ಅತ್ತು ಅವನ ಕಣ್ಣು ಕೆಂಪಾಗಿದ್ದವು.

"ಅವ್ವಾ, ಅದು ಈಗ ಹೊಲ ಅಲ್ಲ. ಎನ್.ಎ. ಆದ ಜಾಗದಾಗ ಮಣ್ಣ ಕೊಡಾಕ ಬರಂಗಿಲ್ಲ. ಓಪನ್ ಸ್ಪೇಸ್ ನಮ್ಮೊಬ್ಬರದಲ್ಲ, ಎಲ್ಲಾ ಪ್ಲಾಟಿನವರದು."

"ಇದು ಯಾವಾಗ ಗೊತ್ತಾತು ನಿನಗ?"

"ಕಾಲೇಜದಾಗ. ಮೂರನೇ ವರ್ಷಕ್ಕ ಇತ್ತು. ಪರೀಕ್ಷಾದಾಗ ಪ್ರಶ್ನಿ ಬಂದಿತ್ತು."

"ಉತ್ತರ ಬರದಿದ್ದೇನು?"

"ಬರದಿದ್ದೆ."

"ಆಯಿಗ ಯಾಕ ಹೇಳಲಿಲ್ಲ?"

"ಹೇಳಿದ್ರ ಆಕಿ ಹೆಬ್ಬಟ್ಟ ಒತ್ತತಿದ್ಲೇನು? ನೀ ಸಹಿ ಮಾಡ್ತಿದ್ದೇನು?"

ಕುಣಿಯೊಳಗಿನಿಂದ ಧೂಳಪ್ಪ ತಲೆ ಎತ್ತಿದ. "ಬಾಯಾರ, ತೋಡ್ಲ್ಯೋ ಮುಚ್ಚಲ್ಯೋ?"

"ತೋಡು" ಎಂದೆ.

ಅವನು ಮತ್ತೆ ಗುದ್ದಲಿ ಎತ್ತಿದ. ಸಾತಲಿಂಗ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಅರ್ಧಾ ಪ್ಲಾಟ್ ಇನ್ನಾ ಉಳದಾವ. ಹಸೀ ಗದ್ದಗಿ ನೋಡಿದ ಮ್ಯಾಲ ಯಾರ ತಗೋತಾರ? ಅದೂ ಹೋಗ್ಲಿ, ಇವರು ಅರ್ಜಿ ಕೊಟ್ರ ನಗರಪಾಲಿಕಿಯವರು ಬಂದು ತೆಗಸ್ತಾರ. ಕೂಡಿಸಿದ ಆಯಿನ್ನ ಮತ್ತ ಎಬ್ಬಸ್ತಾರ. ನೋಡ್ತೀಯೇನು ಅದನ್ನ?"

ಭೀಮಶಾ ಅಲ್ಲವೆನ್ನಲಿಲ್ಲ. ಚಪ್ಪಲಿಯ ತುದಿಯಿಂದ ಮಣ್ಣು ಸರಿಸುತ್ತ ನಿಂತ. ಅವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಎಲ್ಲರ ಮನೆಗೂ ಹಾಲು ಹಾಕುವವಳು ನಾನೇ. ಯಾರೂ ಕೆಟ್ಟವರಲ್ಲ. ಯಾರೂ ಬಿಡುವವರೂ ಅಲ್ಲ.

"ಮುಚ್ಚೋ ಧೂಳಪ್ಪ" ಎಂದೆ.

ಊರೊಳಗೆ ಸಮಾಜದ ರುದ್ರಭೂಮಿ ಇದೆ, ಎಲ್ಲ ವ್ಯವಸ್ಥೆ ಮಾಡಿಸುತ್ತೇನೆ ಎಂದ ಮಗ. ಗುರುತಿಲ್ಲದವರ ಸಾಲಿನಲ್ಲಿ ಅವಳನ್ನು ಕೂಡಿಸಲು ನಾನು ಒಪ್ಪಲಿಲ್ಲ. ಕರಜಗಿ ಅವಳ ತವರು. ಅಲ್ಲಿ ಅವಳ ಅಣ್ಣನ ಮಗ ನಿಂಗಣ್ಣ ಇನ್ನೂ ಹೊಲ ಹೂಡುತ್ತಾನೆ. ಲಾರಿ ತರಿಸಿದೆವು. ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಕುರ್ಚಿಯಲ್ಲಿ ಕೂಡಿಸಿದ ಅತ್ತೆಯನ್ನು ಸಾತಲಿಂಗ ತಾನೇ ಕಟ್ಟಿದ. ಗಂಟು ಹೇಗೆ ಹಾಕಿದ್ದನೆಂದರೆ ಅಕ್ಕಲಕೋಟೆ ದಾಟಿ ಕಚ್ಚಾ ರಸ್ತೆ ಹಿಡಿದರೂ ಅವಳ ತಲೆ ಅಲುಗಲಿಲ್ಲ. ದಾರಿಯುದ್ದಕ್ಕೂ ಅವನು ಬಿಕ್ಕಿಬಿಕ್ಕಿ ಅಳುತ್ತಿದ್ದ. ಅದು ಸುಳ್ಳು ಅಳುವಲ್ಲ. ನನಗೆ ಮಾತ್ರ ಅವನ ಬೆನ್ನ ಮೇಲೆ ಕೈ ಇಡಲು ಮನಸ್ಸಾಗಲಿಲ್ಲ.

ನಿಂಗಣ್ಣ ಬೆಳೆದು ನಿಂತ ಜೋಳವನ್ನು ಒಂದು ಹಾಸಿಗೆಯಷ್ಟು ಕೊಯ್ಸಿ, ತಾನೇ ಗುದ್ದಲಿ ಹಿಡಿದ. ಎಲ್ಲ ಮುಗಿದು ಕೈ ತೊಳೆಯುವಾಗ ಹೇಳಿದ:

"ಗಂಡನ ಮನ್ಯಾಗ ಇಷ್ಟ ವರ್ಷ ಬಾಳುವೆ ಮಾಡಿದಾಕಿನ್ನ ತವರಿಗೆ ಕಳಸಿದ್ರೆಲಾ ವೈನಿ."

ನಮ್ಮ ಕಡೆ ಹೆಂಗಸಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವನು ಬೈಯಲೆಂದು ಅಂದದ್ದಲ್ಲ. ನಾನು ಸೆರಗಿನಿಂದ ಕೈ ಒರೆಸಿಕೊಂಡು ಲಾರಿ ಹತ್ತಿದೆ.

ಅತ್ತೆಯನ್ನು ಅವರಿಬ್ಬರ ನಡುವೆ ಇಡಲಿಲ್ಲ. ನಾನು ಕೊಟ್ಟ ಮಾತು ನಡೆಯಲಿಲ್ಲ.