ಮೂರು ಬೋಲ್ಟಿನ ಅರಿಶಿನ

ಮೆಕ್ಯಾನಿಕ್ ಗದಿಗೆಪ್ಪ ಮೊದಲ ದಿನವೇ ಬೇಡ ಎಂದಿದ್ದ. ಗ್ಯಾರೇಜಿನಲ್ಲಿ ಎಲ್ಲರಿಗೂ ಅದು ಕೇಳಿಸಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಷ್ಟೇ. ಪೀಣ್ಯ ಎರಡನೇ ಹಂತದ ಆ ಶೆಡ್ಡಿನ ಮಾಲೀಕ ಮುನಿಕೃಷ್ಣ ಡಬ್ಬಿಯೊಂದರಿಂದ ಬಸವನಹುಳದ ಆಕಾರದ ಯಂತ್ರ ತೆಗೆದು ಮೇಜಿನ ಮೇಲಿಟ್ಟು, "ಸೂಪರ್‌ಚಾರ್ಜರ್ ಗುರು. ಇಂಜಿನ್ ಜೊತೆ ಬೆಲ್ಟ್ ಹಾಕಿದ್ರೆ ಒಳಗೆ ಗಾಳಿ ತುರುಕುತ್ತೆ, ಗಾಡಿ ಹಾರುತ್ತೆ" ಎಂದಿದ್ದ. ಗದಿಗೆಪ್ಪ ಅದನ್ನು ಆಚೀಚೆ ತಿರುಗಿಸಿ ನೋಡಿದ.

"ಎರಡು ರೊಟ್ಟಿ ಉಣ್ಣೋನ ಬಾಯಾಗ ಎಂಟು ರೊಟ್ಟಿ ತುರುಕಿದಂಗ ಆಕ್ಕೈತ್ರೀ ಸಾವ್ಕಾರ್ರ. ಬ್ಯಾಡ."

ಆದದ್ದೂ ಹಾಗೆಯೇ. ಒಂದು ವರ್ಷದಲ್ಲಿ ನಾಲ್ಕು ಕಾರಿಗೆ ಕೂರಿಸಿದರು, ನಾಲ್ಕೂ ಕೆಟ್ಟು ತಿರುಗಿ ಬಂದವು. ಒಂದರ ಬೆಲ್ಟು ಹತ್ತೇ ದಿನಕ್ಕೆ ನಾರುನಾರಾಯಿತು. ಇನ್ನೊಂದು ನೆಲಮಂಗಲ ದಾಟುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಒಡೆದುಕೊಂಡು, ಆಯಿಲಿಗೆ ನೀರು ಸೇರಿ ಚಹಾದ ಬಣ್ಣಕ್ಕೆ ತಿರುಗಿತು. ಮೂರನೆಯದು ಬೇರಿಂಗ್ ಕಿರುಗುಟ್ಟಿಸಿಕೊಂಡೇ ಒಳಗೆ ಬಂತು. ನಾಲ್ಕನೆಯದು ನರೇಶನ ಕೆಂಪು ಕಾರು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವನ ಕಾರಂತೂ ಎರಡು ಸಲ ಟೋ ಗಾಡಿಯ ಬೆನ್ನೇರಿ ಬಂದಿತ್ತು. ಇಷ್ಟೇ ಬಿಸಿ, ಇಷ್ಟೇ ಒತ್ತಡ ತಡೆಯಲಿ ಎಂದು ಮಾಡಿದ ಇಂಜಿನ್ನು ಪಾಪ, ಅದಾದರೂ ಏನು ಮಾಡೀತು?

ಕಾರುಗಳು ಹಾಳಾಗಿ ಹೋಗಲಿ, ಗದಿಗೆಪ್ಪನಿಗೆ ಅವುಗಳ ಚಿಂತೆ ಅಷ್ಟಕ್ಕಷ್ಟೇ. ಅವನ ಜೀವವೆಲ್ಲ ಇದ್ದದ್ದು ಯಮನೂರನ ಮೇಲೆ. ಯಮನೂರ ಅವನ ಹೆಂಡತಿ ಮಹಾನಂದಾಳ ತಮ್ಮ, ಇಪ್ಪತ್ತೈದರ ಗಂಡಸು. ಆರು ವರ್ಷದ ಹಿಂದೆ ಗದಿಗೆಪ್ಪನೇ ಅವನನ್ನು ಕುಷ್ಟಗಿ ಕಡೆಯಿಂದ ಕರೆತಂದು ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇರಿಸಿ ಕೆಲಸ ಕಲಿಸಿದ್ದ. ಯಮನೂರನ ಬೆರಳಿನ ಗುಣವೇ ಬೇರೆ. ಅಳತೆಯ ಸಾಧನ ತೋರಿಸುವ ಮೊದಲೇ ಲೋಹದ ಮೇಲಿನ ಕೂದಲೆಳೆಯಷ್ಟು ಏರಿಳಿತ ಅವನ ಬೆರಳ ತುದಿಗೆ ಗೊತ್ತಾಗುತ್ತಿತ್ತು. ದಸರೆ ಮುಗಿದ ಸೋಮವಾರ ಹತ್ತು ಗಂಟೆಗೆ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವನಿಗೆ ಫಿಟ್ಟರ್ ಕೆಲಸದ ಪರೀಕ್ಷೆ. ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ, ಇನ್ನೊಂದರೊಳಗೆ ಬೆಳಕೂ ತೂರದ ಹಾಗೆ ಕೂರಿಸಬೇಕು. ಯಮನೂರನಿಗೆ ಅದು ನೀರು ಕುಡಿದಷ್ಟು ಸುಲಭ.

"ಈ ಸುಡುಗಾಡು ಚಾರ್ಜರ್ ಕೆಲಸದಿಂದ ನೀ ಒಬ್ಬ ಪಾರಾದ್ರ ಸಾಕು ತಮ್ಮಾ" ಎನ್ನುತ್ತಿದ್ದ ಗದಿಗೆಪ್ಪ.

ಅವನು ಕಲಿಸಿದ್ದರಲ್ಲಿ ಎರಡು ಮಾತನ್ನು ಯಮನೂರ ಎಂದೂ ಮೀರಿರಲಿಲ್ಲ. ಇಂಜಿನ್ನಿನ ರೋಗ ತಿಳಿಯಲು ಕಿವಿಗಿಂತ ಕೈಯನ್ನು ನಂಬಬೇಕು, ಇದು ಒಂದು. ಇನ್ನೊಂದು ಹಳದಿ ಬೊಟ್ಟು. ಬೋಲ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದಾಗ 'ಕಟಕ್' ಎನ್ನುವ ಟಾರ್ಕ್ ಪಾನಾ ಒಂದಿತ್ತು. ಆ ಸದ್ದು ಕೇಳಿದ ಮೇಲೆಯೇ ಗದಿಗೆಪ್ಪ ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದ. ಮಹಾನಂದಾಳ ಖಾಲಿ ನೇಲ್ ಪಾಲಿಶ್ ಬಾಟಲಿಗೆ ಪೇಂಟು ತುಂಬಿಸಿಕೊಂಡಿದ್ದ. ಹಳದಿ ಬೊಟ್ಟು ಬಿದ್ದರೆ ಆ ಬೋಲ್ಟನ್ನು ಯಾರೂ ಮತ್ತೆ ಮುಟ್ಟಬೇಕಿರಲಿಲ್ಲ.

ಆಯುಧ ಪೂಜೆಯ ದಿನ ಬೆಳಿಗ್ಗೆ ಕೆಂಪು ಕಾರಿನ ಚಾರ್ಜರಿಗೆ ಹೊಸ ಬ್ರಾಕೆಟ್ ಬಂತು. ಯಂತ್ರವನ್ನು ಇಂಜಿನ್ನಿಗೆ ಹಿಡಿದು ನಿಲ್ಲಿಸುವ ದಪ್ಪ ಪಟ್ಟಿ ಅದು. ಮರುದಿನ ವಿಜಯದಶಮಿ, ನರೇಶನಿಗೆ ಆವತ್ತೇ ಗಾಡಿ ಬೇಕು. ಗದಿಗೆಪ್ಪ ಬ್ರಾಕೆಟ್ ಕೂರಿಸಿ ಮೂರು ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ ನಿಲ್ಲಿಸಿದ. ಅಷ್ಟರಲ್ಲಿ ಮುನಿಕೃಷ್ಣನ ತಾಯಿ ಚಿಕ್ಕಮುನಿಯಮ್ಮ ಬಾಗಿಲಿಂದ ಕೂಗಿದರು.

"ಅನ್ನೆರಡಕ್ಕೆ ರಾಹುಕಾಲ ಕಣಪ್ಪ, ಐನೋರು ಕಾಯ್ತಾವ್ರೆ. ಸಾಮಾನೆಲ್ಲ ತಕ್ಕೊಂಡ್ ಬಾ."

ಇದ್ದಬದ್ದ ಸಾಮಾನನ್ನೆಲ್ಲ ತೊಳೆದು ಒರೆಸಿ ದೇವರ ಮುಂದೆ ಸಾಲಾಗಿ ಇಟ್ಟರು. ಟಾರ್ಕ್ ಪಾನಾವೂ ಹೋಯಿತು. ಮಂಗಳಾರತಿ ಆಗಿ ಬೂದುಗುಂಬಳ ಒಡೆದ ಮೇಲೆ ಗದಿಗೆಪ್ಪನಿಗೆ ಮೂರು ಬೋಲ್ಟು ಮನಸ್ಸಿನಲ್ಲಿ ಕುಟುಕತೊಡಗಿದವು. ಹೋಗಿ ಚೆಂಡುಹೂವಿನ ಅಡಿಗೆ ಕೈಹಾಕಿದ.

"ಪೂಜೆಗಿಟ್ಟಿದ್ದನ್ನ ಎತ್ತಬಾರ್ದು ಕಣಪ್ಪ" ಎಂದರು ಚಿಕ್ಕಮುನಿಯಮ್ಮ. "ಇಡೀ ವರ್ಸ ದುಡೀತವೆ. ಇವತ್ತೊಂದಿನ ಅವುಕ್ಕೂ ರಜ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಇದನ್ನೇ ಹೇಳಿದ್ದ, ಇಪ್ಪತ್ತು ವರ್ಷದಲ್ಲಿ ಅವನು ಒಮ್ಮೆಯೂ ತಪ್ಪಿರಲಿಲ್ಲ. ನಾಳೆ ಒಂಬತ್ತಕ್ಕೆ ಬಂದು ಬಿಗಿ ಮಾಡಿದರಾಯಿತು, ತಾನಿಲ್ಲದೆ ಕಾರನ್ನು ಯಾರು ಮುಟ್ಟುತ್ತಾರೆ ಎಂದುಕೊಂಡ. ಆದರೂ ಸಮಾಧಾನವಾಗಲಿಲ್ಲ. ಬಟ್ಟಲಲ್ಲಿ ಉಳಿದ ಕಲಸಿದ ಅರಿಶಿನವನ್ನು ಬೆರಳಿಗೆ ಹಚ್ಚಿಕೊಂಡು ಹೋಗಿ ಮೂರೂ ಬೋಲ್ಟಿನ ತಲೆಗೆ ಒಂದೊಂದು ಬೊಟ್ಟಿಟ್ಟು, "ನಾಳಿತನಕ ಹಿಡಕೊಂಡಿರ್ರಪಾ" ಎಂದು ಕೈಮುಗಿದ. ತಾನು ಏನು ಮಾಡಿದೆ ಎಂಬುದು ಅವನಿಗೆ ಆಗ ಹೊಳೆಯಲೇ ಇಲ್ಲ.

ಯಮನೂರ ಇನ್ನೊಂದು ಗಾಡಿ ತೊಳೆಸಲು ಹೋಗಿದ್ದ. ಅವನಿಗೊಂದು ಫೋನ್ ಮಾಡಿ ಹೇಳಬೇಕು ಎಂದು ಗದಿಗೆಪ್ಪ ದಾಸರಹಳ್ಳಿಗೆ ಹೋಗುವ ಬಸ್ಸಿನಲ್ಲಿ ನೆನೆಸಿಕೊಂಡ. ಮನೆಯಲ್ಲಿ ಮಹಾನಂದಾ ಹೋಳಿಗೆ ಮಾಡಿದ್ದಳು. ಉಂಡು ಮಲಗಿದ, ಮರೆತ.

ಮರುದಿನ ಏಳು ಗಂಟೆಗೇ ನರೇಶ ಬಂದ. ಹೆಂಡತಿ ಮಕ್ಕಳೊಂದಿಗೆ ಮೈಸೂರಿಗೆ ಹೊರಡಬೇಕಂತೆ. ಮುನಿಕೃಷ್ಣ ಮನೆಯಿಂದಲೇ ಯಮನೂರನಿಗೆ ಫೋನ್ ಮಾಡಿದ.

"ಕೆಲಸ ಆಗಿದೆಯಲ್ಲ ಮಗಾ, ಕೀ ಕೊಟ್ಬಿಡು."

ಯಮನೂರ ಹಾಗೆಲ್ಲ ಸುಮ್ಮನೆ ಕೀ ಕೊಡುವವನಲ್ಲ. ಬಾನೆಟ್ ಎತ್ತಿ ನೋಡಿದ. ಮೂರು ಬೋಲ್ಟು, ಮೂರರ ಮೇಲೂ ಹಳದಿ ಬೊಟ್ಟು. ಮಾವ ಮುಗಿಸಿದ್ದಾನೆ ಎಂದುಕೊಂಡು ಸ್ಟಾರ್ಟ್ ಮಾಡಿಸಿದ. ಎಲ್ಲೋ ಸಣ್ಣಗೆ ಕಿರ್ರೆಂದಿತು. ಕಿವಿಗಿಂತ ಕೈಯನ್ನು ನಂಬುವವನಲ್ಲವೇ, ನಡುಕ ತಿಳಿಯಲೆಂದು ಬಲಗೈ ಬೆರಳುಗಳನ್ನು ಬ್ರಾಕೆಟ್ಟಿನ ಮೇಲಿಟ್ಟು, "ಸ್ವಲ್ಪ ರೇಸ್ ಮಾಡ್ರಿ ಸಾರ್" ಎಂದ. ನರೇಶ ಆಕ್ಸಿಲರೇಟರ್ ಒತ್ತಿದ. ಬ್ರಾಕೆಟ್ ಬಿಟ್ಟುಕೊಂಡಿತು, ಬೆಲ್ಟು ಸರಿದು ಕೈಯನ್ನು ಒಳಗೆ ಎಳೆದುಕೊಂಡಿತು. ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು.

ಬಂದವರೆಲ್ಲ ಬೈದದ್ದು ಚಾರ್ಜರನ್ನೇ. ಮುನಿಕೃಷ್ಣ ತಲೆಯ ಮೇಲೆ ಕೈಹೊತ್ತು, "ನಾಲ್ಕು ಗಾಡಿ ತಿಂತು, ಈಗ ಹುಡುಗನ ಕೈ ತಿಂತು. ನೀನು ಹೇಳ್ದಾಗ ಕೇಳ್ಬೇಕಿತ್ತು ಗುರು" ಎಂದು ಗದಿಗೆಪ್ಪನ ಮುಂದೆ ಕಣ್ಣೀರು ಹಾಕಿದ. ನರೇಶನೂ ಅದೇ ಹೇಳಿದ. ಅಷ್ಟು ಕೆಟ್ಟ ಹೆಸರಿದ್ದ ಯಂತ್ರ ಎದುರಿಗೇ ಇರುವಾಗ ಮೂರು ಬೋಲ್ಟಿನ ಸುದ್ದಿ ಯಾರಿಗೆ ಬೇಕು? ಗದಿಗೆಪ್ಪ ಬಾಯಿಬಿಡದಿದ್ದರೆ ಅದು ಯಾರಿಗೂ ತಿಳಿಯುವಂತಿರಲಿಲ್ಲ. ನಾಲ್ಕು ದಿನ ಅವನು ಬಾಯಿ ಬಿಡಲೂ ಇಲ್ಲ. ಕಣ್ಣು ಮುಚ್ಚಿದರೆ ಹಳದಿ ಕಾಣುತ್ತಿತ್ತು.

ಸೋಮವಾರ ಬಂತು. ಆಸ್ಪತ್ರೆಯ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ. ಯಮನೂರ ಅದನ್ನೇ ನೋಡುತ್ತಿದ್ದ. ದಿಂಬಿನ ಮೇಲೆ ಬಿಳಿ ಗಂಟಿನಂತೆ ಕೈ ಬಿದ್ದಿತ್ತು.

"ಈಗ ಅರ ಕೊಟ್ಟಿರ್ತಾರ ಎಲ್ಲಾರಿಗೂ" ಎಂದ. ಆಮೇಲೆ ಗದಿಗೆಪ್ಪನ ಕಡೆ ತಿರುಗಿ, "ನಂದೇನೂ ತಪ್ಪಿಲ್ಲ ಮಾವ. ಮೂರಕ್ಕೂ ಹಳದಿ ಇತ್ತು, ನೋಡೇ ಕೈ ಇಟ್ಟೆ. ನೀ ಬಿಗಿ ಮಾಡಿದ್ದು ಬಿಚ್ಚಿಕೊಳ್ಳಂಗಿಲ್ಲ. ಆ ಚಾರ್ಜರ್ರೇ ಸರಿ ಇಲ್ಲ" ಎಂದ.

ಅವನು ಬೈದಿದ್ದರೆ ಗದಿಗೆಪ್ಪ ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯನ್ನು ತಡೆಯಲು ಅವನಿಂದ ಆಗಲಿಲ್ಲ.

"ಅದು ಪೇಂಟಲ್ಲ ತಮ್ಮಾ. ಅರಿಶಿಣ. ಪೂಜಿ ಮಾಡಿದ್ದೆ. ಬಿಗಿ ಮಾಡಿದ್ದಿಲ್ಲ."

ಯಮನೂರ ಅವನ ಮುಖವನ್ನೇ ನೋಡಿದ. ಪಕ್ಕದ ಹಾಸಿಗೆಯವನು ಕೆಮ್ಮುತ್ತಿದ್ದ.

"ಪಾನಾ ಎಲ್ಲಿತ್ತು?"

"ದೇವರ ಮುಂದ."

"ಒಂದು ನಿಮಿಷದ ಕೆಲಸ ಮಾವ."

ಹೌದು, ಒಂದೇ ನಿಮಿಷದ ಕೆಲಸ. ಫೋನಾದರೂ ಒಂದೇ ನಿಮಿಷ. ಗದಿಗೆಪ್ಪ ಮಂಚದ ಕಂಬಿ ಹಿಡಿದುಕೊಂಡು ಅತ್ತ. ಯಮನೂರ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ಹೇಳಿದ.

"ಅಕ್ಕಗ ಹೇಳಬ್ಯಾಡ. ಆಕಿಗೆ ಇರೋರು ನಾವಿಬ್ಬರ."

ಅಷ್ಟರಲ್ಲಿ ಮಹಾನಂದಾ ಬುತ್ತಿ ಚೀಲ ಹಿಡಿದು ಬಂದಳು. ಗಂಡನ ಕೆಂಪು ಕಣ್ಣು ನೋಡಿ, ತನ್ನ ಸೆರಗಿನಿಂದಲೇ ಅವನ ಮುಖ ಒರೆಸಿದಳು. ಮಂಚದ ಮೇಲೆ ಕೂತು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದಳು.

"ಆ ಮಷೀನಿಗೆ ಬೆಂಕಿ ಹತ್ಲಿ. ಎಂಟು ರೊಟ್ಟಿ ತುರುಕಬ್ಯಾಡ್ರಿ ಅಂತ ನೀವು ಮೊದಲ ಹೇಳಿದ್ರಿ" ಎಂದಳು ಗಂಡನ ಕಡೆ ತಿರುಗಿ. "ನಿಮ್ಮ ಮಾತು ಒಬ್ಬರಾದ್ರೂ ಕೇಳಿದ್ರ ನನ್ನ ತಮ್ಮನ ಕೈ ಉಳೀತಿತ್ತು."

ಗದಿಗೆಪ್ಪ ಯಮನೂರನನ್ನು ನೋಡಿದ. ಯಮನೂರ ಅವನ ಕಡೆ ನೋಡಲಿಲ್ಲ. ಅಕ್ಕ ಕೊಟ್ಟ ತುತ್ತಿಗೆ ಸುಮ್ಮನೆ ಬಾಯಿ ತೆರೆದ.